ಸ್ಥಾನಾಂತರಿತರ ಅಧ್ಯಯನದಲ್ಲಿ ವಿಧಾನ ಮತ್ತು ಧರ್ಮ: ಪುತ್ತೂರು, ಸುಳ್ಯ, ಕಡಬಗಳ ಸಿಲೋನ್ ತಮಿಳರನ್ನು ಕುರಿತು

ಯುದ್ಧ ಮತ್ತು ಸ್ಥಾನಾಂತರಗಳ ಅಧ್ಯಯನವೆಂದೊಡನೆ ವಿದ್ಯಾರ್ಥಿಯ ಮನಸ್ಸು ದೂರದೇಶಗಳ ಶಿಬಿರಗಳತ್ತ ಹರಿಯುವುದು ಸಹಜ. ಆದರೆ ಅಂತಹ ಅಧ್ಯಯನದ ಕಠಿನ ಪ್ರಶ್ನೆಗಳೆಲ್ಲವೂ ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿಯೇ ನಮ್ಮನ್ನು ಎದುರುಗೊಳ್ಳುತ್ತವೆ. 1970ರ ದಶಕದಿಂದ ಮೊದಲ್ಗೊಂಡು ಶ್ರೀಲಂಕೆಯಿಂದ ಬಂದ ತಮಿಳು ಕುಟುಂಬಗಳು ಇಲ್ಲಿ ನೆಲಸಿವೆ. 1971ರಲ್ಲಿ ಸ್ಥಾಪಿತವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು ಇವರಲ್ಲಿ ಅನೇಕರಿಗೆ ಉದ್ಯೋಗವನ್ನೂ ವಸತಿಯನ್ನೂ ಒದಗಿಸಿದುವು. ಈ ಸಮುದಾಯವನ್ನು ಅಭ್ಯಸಿಸುವವನು ಯಾವ ಎಚ್ಚರಗಳನ್ನು ವಹಿಸಬೇಕೆಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ತೊಡಕು ಹೆಸರಿನದು. ಇವರ ಪೂರ್ವಜರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಕಂಗಾಣಿಗಳ ಮೂಲಕ ತಮಿಳು ಜಿಲ್ಲೆಗಳಿಂದ ಕಾಫಿ ತೋಟಗಳಿಗೂ, ಅನಂತರ ಚಹಾ ತೋಟಗಳಿಗೂ ಕೊಂಡೊಯ್ದರು. ಸಿಲೋನಿನ 1948ರ ಪೌರತ್ವ ಶಾಸನದಿಂದ ತೋಟದ ತಮಿಳರಲ್ಲಿ ಬಹುಮಂದಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆಯವರು ಮಾಡಿಕೊಂಡ ಒಪ್ಪಂದವು 9,75,000 ಜನರ ಪೈಕಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿತು. ಉಳಿದ 1,50,000 ಮಂದಿಯನ್ನು 1974ರ ಒಪ್ಪಂದವು ಸರಿಸಮವಾಗಿ ಭಾಗಿಸಿತು. ಸರಕಾರಗಳು ಸಂಖ್ಯೆಯನ್ನು ಮೊದಲು ಗೊತ್ತುಮಾಡಿದುವು; ಆ ಸಂಖ್ಯೆಯನ್ನು ತುಂಬಬೇಕಾದ ವ್ಯಕ್ತಿಗಳ ಅರ್ಜಿಗಳು ಅನಂತರ ಬಂದುವು.

ಹೀಗೆ ಬಂದವರಿಗೆ ಕಡತಗಳು ಕೊಟ್ಟ ಹೆಸರು 'ತಾಯ್ನಾಡಿಗೆ ಮರಳಿದವರು' ಎಂದು. ಆದರೆ ಸಿಲೋನಿನಲ್ಲಿಯೇ ಹುಟ್ಟಿ, ಭಾರತವನ್ನು ಎಂದೂ ಕಾಣದಿದ್ದವನು ಮರಳುವುದೆಲ್ಲಿಗೆ? 'ನಿರಾಶ್ರಿತರು' ಎಂಬ ಮಾತೂ ಕಾನೂನಿನ ದೃಷ್ಟಿಯಿಂದ ಸಲ್ಲದು. ಇವರು ಭಾರತದ ಪೌರರಾಗಿ ಬಂದವರು. 1983ರಲ್ಲಿ ಮೊದಲಾಗಿ 2009ರಲ್ಲಿ ಮುಗಿದ ಯುದ್ಧಕ್ಕೆ ಮುನ್ನವೇ ಹೊರಟವರು ಇವರಲ್ಲಿ ಅನೇಕರು. ಆದರೂ 1958, 1977, 1983ರ ಗಲಭೆಗಳ ಭಯವನ್ನು ಈ ಪ್ರಯಾಣದಿಂದ ಬೇರ್ಪಡಿಸಲಾಗದು. ಒಬ್ಬನೇ ವ್ಯಕ್ತಿ ಕಾಗದದ ಮೇಲೆ ಒಪ್ಪಂದದಂತೆ ಬಂದವನೂ, ತನ್ನ ನೆನಪಿನಲ್ಲಿ ಓಡಿಬಂದವನೂ ಆಗಿರಬಹುದು. 'ಇಷ್ಟಪಟ್ಟು ಬಂದಿರೋ, ಹೆದರಿ ಬಂದಿರೋ' ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂಬ ಎರಡೇ ಕೋಷ್ಟಕಗಳನ್ನು ಬರೆದುಕೊಂಡು ಹೋಗುವವನು ಉತ್ತರವನ್ನು ತಾನೇ ಮೊದಲು ನಿರ್ಧರಿಸಿದಂತಾಗುತ್ತದೆ.

ಈ ವಿಷಯದಲ್ಲಿ ಮಾನವಶಾಸ್ತ್ರಜ್ಞ ಇ. ವ್ಯಾಲೆಂಟೈನ್ ಡೇನಿಯಲ್ ಅವರ ನಿದರ್ಶನವು ಗಮನಾರ್ಹ. ತೋಟದ ತಮಿಳು ಹೆಂಗಸರ ಹಾಡುಗಳನ್ನು ಸಂಗ್ರಹಿಸಲೆಂದು 1983ರಲ್ಲಿ ಶ್ರೀಲಂಕೆಗೆ ಹೋದ ಅವರ ಮುಂದೆ ಆ ವರ್ಷದ ಹಿಂಸೆ ಬೇರೊಂದು ವಿಷಯವನ್ನಿರಿಸಿತು. ಹಿಂಸೆಯನ್ನು ಕುರಿತು ಬರೆಯುವುದೆಂತು ಎಂಬುದನ್ನೇ ವಿಚಾರಿಸುವ ಅವರ ಗ್ರಂಥ 1996ರಲ್ಲಿ ಪ್ರಕಟವಾಯಿತು. ಸಂಶೋಧಕನು ಒಯ್ದ ಪ್ರಶ್ನೆಗಿಂತ ಜನರು ಹೇಳಬಯಸುವ ಮಾತು ದೊಡ್ಡದಾಗಿರಬಹುದೆಂಬುದೇ ಇದರ ಪಾಠ.

ಎರಡನೆಯದು ಭಾಷೆಯ ಪ್ರಶ್ನೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಸುಳ್ಯದ ಕಡೆ ಅರೆಭಾಷೆ ಮತ್ತು ಮಲೆಯಾಳಗಳೂ ಕೂಡುತ್ತವೆ. ಕನ್ನಡವಷ್ಟನ್ನೇ ಬಲ್ಲ ಸಂಶೋಧಕನು ಅಲ್ಲಿಯೇ ಬೆಳೆದ ಕಿರಿಯರನ್ನು ದುಭಾಷಿಗಳನ್ನಾಗಿ ನಿಲ್ಲಿಸುವುದು ಸುಲಭೋಪಾಯ. ಆದರೆ ಮಗನ ಮುಂದೆ ಹೇಳಲಾಗದ ಸಂಗತಿಯನ್ನು ತಾಯಿ ಮಗನ ಮೂಲಕ ಹೇಳುವುದು ಇನ್ನೂ ಅಸಾಧ್ಯ. ಇಂತಹ ಮೌನವನ್ನು 'ಏನೂ ನಡೆದಿಲ್ಲ' ಎಂದು ಬರೆದುಕೊಳ್ಳುವುದು ತಪ್ಪು.

ಮೂರನೆಯದು ಒಪ್ಪಿಗೆ. ವಾಸದ ಮನೆ ಉದ್ಯೋಗಕ್ಕೆ ಕಟ್ಟುಬಿದ್ದಿರುವೆಡೆಯಲ್ಲಿ ಮೇಲ್ವಿಚಾರಕರ ಮೂಲಕ ಕರೆಸಿಕೊಂಡವನ ಸಮ್ಮತಿಯನ್ನು ನಿಜವಾದ ಸಮ್ಮತಿಯೆಂದು ಎಣಿಸಲಾಗದು. ರಬ್ಬರ್ ಮರ ಕೆತ್ತುವ ಕೆಲಸ ನಸುಕಿನಲ್ಲಿಯೇ ಆರಂಭವಾಗುತ್ತದೆ. ಮಾತಿಗೆ ಬಿಡುವು ದೊರೆಯುವುದು ಆಮೇಲೆ. ಆ ಬಿಡುವು ಅವರದು. ಅದನ್ನು ಬೇಡಿ ಪಡೆಯಬೇಕಲ್ಲದೆ ಹಕ್ಕಿನಿಂದ ಕೇಳಬಾರದು. ಮಾತಿನ ನಡುವೆ ಹಿಂದೆಗೆಯುವ ಸ್ವಾತಂತ್ರ್ಯವೂ ಅವರಿಗಿರಬೇಕು.

ಕೊನೆಯದೂ ಗುರುತರವೂ ಆದ ವಿಷಯ ಬರಹದ ಪರಿಣಾಮ. ಈ ಜನರ ಬದುಕನ್ನು ನಡೆಸಿದ್ದು ಕಾಗದಗಳು: ಪೌರತ್ವದ ಅರ್ಜಿ, ಪಾಸ್‌ಪೋರ್ಟು, ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದವರ ದಾಖಲೆ. ಸಂವಿಧಾನದ 341ನೆಯ ವಿಧಿಯಂತೆ ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯವಾರು ನಿಗದಿಯಾಗುವುದರಿಂದ, ಕುಟುಂಬದ ಮೂಲಸ್ಥಳ ಮತ್ತು ಬಂದ ವರ್ಷಗಳಂತಹ ವಿವರಗಳು ಜಾತಿ ಪ್ರಮಾಣಪತ್ರದ ವಿಚಾರಣೆಯಲ್ಲಿ ತೂಕವನ್ನು ಪಡೆಯಬಲ್ಲವು. ಹೀಗಿರಲಾಗಿ, ಮುದುಕನೊಬ್ಬನು ಅಂದಾಜಿನಿಂದ ಹೇಳಿದ ಇಸವಿಯನ್ನು ಹೆಸರಿನೊಡನೆ ಅಚ್ಚುಮಾಡಿದರೆ, ಅದು ಮೊಮ್ಮಗನ ಅರ್ಜಿಗೆ ವಿರುದ್ಧವಾದ ಸಾಕ್ಷಿಯಾಗಬಹುದು. ಹೆಸರನ್ನು ಬಿಟ್ಟರೂ ಸಾಲದು. ಸಣ್ಣ ವಸತಿಯಲ್ಲಿ ಊರು, ವಯಸ್ಸು, ಕೆಲಸಗಳಿಂದಲೇ ವ್ಯಕ್ತಿಯನ್ನು ಗುರುತಿಸಬಹುದು.

ಹಾಗೆಂದು ಕಡತಗಳನ್ನು ತಿರಸ್ಕರಿಸಬೇಕಾಗಿಲ್ಲ. ಅವುಗಳನ್ನೂ ಎಚ್ಚರದಿಂದ ಓದಬೇಕು. ಇಂದು ಕಡಬ ತಾಲೂಕಿನಲ್ಲಿರುವ ಗ್ರಾಮಗಳ ಹಳೆಯ ದಾಖಲೆಗಳನ್ನು ಪುತ್ತೂರು, ಸುಳ್ಯಗಳ ಹೆಸರಿನಲ್ಲಿ ಹುಡುಕಬೇಕಾಗುತ್ತದೆ. ಕಡತವು ಸರಕಾರ ಏನನ್ನು ಎಣಿಸಿತೆಂಬುದನ್ನು ತಿಳಿಸುತ್ತದೆ. ನೆನಪು ಎಣಿಕೆಗೊಳಗಾದವನು ಏನನ್ನು ಅನುಭವಿಸಿದನೆಂಬುದನ್ನು ತಿಳಿಸುತ್ತದೆ. ಇವೆರಡೂ ಭಿನ್ನವಾದಾಗ ಒಂದನ್ನು ಸುಳ್ಳೆನ್ನುವ ಬದಲು, ಆ ಭೇದವು ಹೇಗೆ ಉಂಟಾಯಿತೆಂಬುದನ್ನು ವಿಚಾರಿಸುವುದು ಶಾಸ್ತ್ರೀಯವಾದ ಮಾರ್ಗ.

ಎರಡು ಸರಕಾರಗಳು ಲೆಕ್ಕಹಾಕಿ ಹಂಚಿಕೊಂಡ ಜನರನ್ನು ಮೂರನೆಯವನಾಗಿ ಲೆಕ್ಕಹಾಕಲು ಹೊರಟಿರುವವನು ಸಂಶೋಧಕ. ಅವನ ಟಿಪ್ಪಣಿ ಪುಸ್ತಕವೂ ಅವರ ಬಾಳಿನಲ್ಲಿ ಮತ್ತೊಂದು ಕಡತವಾಗುತ್ತದೆಂಬ ಅರಿವು ಅವನಿಗಿದ್ದರೆ, ಏನನ್ನು ಕೇಳಬೇಕು, ಏನನ್ನು ಬರೆಯಬಾರದು ಎಂಬ ವಿವೇಕವು ಬಹುಮಟ್ಟಿಗೆ ಅದರಿಂದಲೇ ಒದಗುವುದು.