ಅಳಿವೆಯ ಏಡಿ: ಹಿಡಿಯುವ ವಿಧಾನಗಳು ಹಾಗೂ ಮರಳಿ ಬಿಡಬೇಕಾದ ಏಡಿಗಳು

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲಿ ಮನೆಬಳಕೆಗೆಂದು ಹಿಡಿಯುತ್ತಿದ್ದ ಕೆಸರು ಏಡಿಯು ಇಂದು ಲಾಭದಾಯಕ ಸರಕಾಗಿದೆ. ಜೀವಂತ ಏಡಿಗೆ ಹೊರದೇಶಗಳಲ್ಲಿಯೂ ಬೇಡಿಕೆಯಿದ್ದು, ತೂಕ ಹೆಚ್ಚಿದಷ್ಟೂ ಕಿಲೋವೊಂದರ ದರವೂ ಏರುತ್ತದೆ. ಸತ್ತ ಏಡಿಗೆ ಈ ವ್ಯಾಪಾರದಲ್ಲಿ ಬೆಲೆಯಿಲ್ಲ.

ಆದ್ದರಿಂದ ಹಿಡಿಯುವ ವಿಧಾನವೇ ಆದಾಯವನ್ನು ನಿರ್ಧರಿಸುತ್ತದೆ. ಇಳಿತದ ವೇಳೆ ಕಾಂಡ್ಲಾ ಗಿಡಗಳ ಬುಡದ ಬಿಲಗಳಿಂದ ಕಬ್ಬಿಣದ ಕೊಕ್ಕೆಯಲ್ಲಿ ಎಳೆಯುವುದು ಹಳೆಯ ಪದ್ಧತಿ. ಇದರಲ್ಲಿ ಕೊಂಬು ಮುರಿದು ಬೆಲೆ ಕುಸಿಯುವುದುಂಟು. ಬೀಡುಬಲೆಗೆ ಸಿಕ್ಕಿದ ಏಡಿಯನ್ನು ಬಿಡಿಸುವಾಗಲೂ ಇದೇ ತೊಂದರೆ. ಮೀನಿನ ತಲೆಯನ್ನು ಎರೆಯಾಗಿ ಕಟ್ಟಿ ಇಳಿಸುವ ಬಳೆಬಲೆ ಅಥವಾ ಪಂಜರವೇ ಮೇಲು: ಏಡಿಗೆ ಗಾಯವಾಗದು, ಬೇಡವಾದುದನ್ನು ಹಾಗೆಯೇ ನೀರಿಗೆ ಬಿಡಬಹುದು.

ಬಿಡಬೇಕಾದುದು ಯಾವುದೆಂಬುದನ್ನು ಗುರುತಿಸುವುದು ಕಷ್ಟವಲ್ಲ. ಹೊಟ್ಟೆಯಡಿಯ ಮಡಿಕೆಯು ಗಂಡಿನಲ್ಲಿ ಕಿರಿದಾದ ತ್ರಿಕೋನಾಕಾರದಲ್ಲಿಯೂ, ಬೆಳೆದ ಹೆಣ್ಣಿನಲ್ಲಿ ಅಗಲವಾಗಿ ದುಂಡಗೆಯೂ ಇರುತ್ತದೆ. ಆ ಮಡಿಕೆಯಡಿ ಕಿತ್ತಳೆ ಅಥವಾ ಕಂದು ಬಣ್ಣದ ಮೊಟ್ಟೆಗಳಿದ್ದರೆ ಅಂಥ ಏಡಿಯನ್ನು ಬಿಡಲೇಬೇಕು. ಒಂದೇ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಹೊರುತ್ತದೆ. ಮರಿಗಳನ್ನೂ ಬಿಡತಕ್ಕದ್ದು. ಚಿಪ್ಪು ಕಳಚಿ ಮೆತ್ತಗಾದ ದೊಡ್ಡ ಏಡಿಯನ್ನು ಅಗ್ಗಕ್ಕೆ ಮಾರುವ ಬದಲು ಪಂಜರದಲ್ಲಿ ಕೆಲವು ವಾರ ಮೇಯಿಸಿದರೆ ಮಾಂಸ ತುಂಬಿಕೊಳ್ಳುತ್ತದೆ. ಆದರೆ ಅಳಿವೆಯ ಮರಿಗಳನ್ನೇ ಆರಿಸಿ ತಂದು ಕೊಳದಲ್ಲಿ ಸಾಕುವುದು ಸಾಕಣೆಯ ಹೆಸರಿನ ಮೀನುಗಾರಿಕೆಯೇ ಸರಿ. ಮರಿಗಳನ್ನು ಕೇಂದ್ರದಲ್ಲಿ ಉತ್ಪಾದಿಸುವ ವ್ಯವಸ್ಥೆಯನ್ನು ರಾಜೀವ್ ಗಾಂಧಿ ಜಲಕೃಷಿ ಕೇಂದ್ರವು ತಮಿಳುನಾಡಿನಲ್ಲಿ ರೂಪಿಸಿದೆ.

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧವು ಯಾಂತ್ರೀಕೃತ ದೋಣಿಗಳ ಸಮುದ್ರ ಮೀನುಗಾರಿಕೆಗೆ ಸಂಬಂಧಿಸಿದ್ದು. ಅಳಿವೆಯಲ್ಲಿ ಕೈಯಿಂದ ಏಡಿ ಹಿಡಿಯುವುದಕ್ಕೆ ಅದರಿಂದ ಬಿಡುವು ದೊರೆಯದು. ತಾನು ಬಿಟ್ಟ ಮರಿಯನ್ನು ನೆರೆಯವನು ಹಿಡಿಯುವನೆಂದಾದರೆ ಯಾವ ಮೀನುಗಾರನೂ ಒಬ್ಬನೇ ಬಿಡಲಾರ. ಅವನನ್ನು ದೂರಿ ಫಲವಿಲ್ಲ. ಒಪ್ಪಂದವು ಊರಿನದಾಗಬೇಕು, ಅದರಲ್ಲಿ ಖರೀದಿಸುವ ದಲ್ಲಾಳಿಗಳೂ ಸೇರಬೇಕು. ಕೊಳ್ಳುವವರಿಲ್ಲದ ಮರಿಯನ್ನು ಯಾರೂ ಹಿಡಿಯರು.

ಮೀನುಗಾರಿಕೆಯು ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳ ವಿಷಯಗಳಲ್ಲಿ ಒಂದು. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ತಾಣವಾಗಿ ಘೋಷಿತವಾಗಿದೆ. ಅಳಿವೆ ಅಂಚಿನ ಪಂಚಾಯತ್‌ಗಳ ಸದಸ್ಯರು ಏಡಿ ಹಿಡಿಯುವವರನ್ನೂ ಮಾರುವ ಮಹಿಳೆಯರನ್ನೂ ಮುಂದಿನ ಗ್ರಾಮಸಭೆಗೆ ಕರೆದು, ಕೊಳ್ಳಬಹುದಾದ ಕನಿಷ್ಠ ಗಾತ್ರವನ್ನು ಅವರಿಂದಲೇ ನಿಶ್ಚಯಿಸಿ ನಿರ್ಣಯಿಸುವುದು. ಮರಿಗಳು ಬೆಳೆಯುವ ಕಾಂಡ್ಲಾ ಪ್ರದೇಶಗಳನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ದಾಖಲೆಯಲ್ಲಿ ನಮೂದಿಸುವುದು.