ವಾರ್ಡಿನ ಲೆಕ್ಕ: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ: ಹಣದ ವಿಚಾರ ಅಕೌಂಟ್ಸ್ ವಿಭಾಗದ್ದು, ನರ್ಸ್‌ಗಳಿಗೆ ಸಂಬಂಧಿಸಿದ್ದಲ್ಲ.

ಸತ್ಯ: ಪುಣೆಯ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ ನೋಡಿಕೊಳ್ಳುವ ಸಿಸ್ಟರ್ 'ಪರಿಸೇವಿಕಾ', ಮೆಟ್ರನ್ 'ಅಧಿಸೇವಿಕಾ'. ಸಿರಿಂಜ್, ಸಲೈನ್, ಗ್ಲವ್ಸ್‌ಗೆ ಇಂಡೆಂಟ್ ಬರೆಯುವುದು, ಸ್ಟಾಕ್ ರಿಜಿಸ್ಟರ್ ಇಡುವುದು, ಡ್ಯೂಟಿ ಪಟ್ಟಿ ಹಾಕುವುದೆಲ್ಲ ಇವರ ಹೊಣೆ. ಆಸ್ಪತ್ರೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ ಮತ್ತು ಸಾಮಗ್ರಿಗಳದ್ದು. ಅಂದಮೇಲೆ ಲೆಕ್ಕ ಹುಟ್ಟುವುದೇ ವಾರ್ಡಿನಲ್ಲಿ. ಅಕೌಂಟ್ಸ್ ವಿಭಾಗ ಅದನ್ನು ಕೂಡಿಸುತ್ತದೆ, ಅಷ್ಟೆ. ನರ್ಸಿಂಗ್‌ಗೂ ಅಂಕಿಗಳಿಗೂ ನಂಟು ಹೊಸದೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲೇ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾಗಿದ್ದರು.

ತಪ್ಪು ಕಲ್ಪನೆ: ಮೂರು ಪಾಳಿಗೆ ಮೂವರು ನರ್ಸ್‌ಗಳಿದ್ದರೆ ಸಾಕು.

ಸತ್ಯ: ಅತಿ ಹೆಚ್ಚು ಹಾನಿ ಮಾಡುವ ತಪ್ಪು ಇದೇ. ವರ್ಷಕ್ಕೆ 8,760 ಗಂಟೆ. ವಾರದ ರಜೆ 52, ಉಳಿದ ರಜೆಗಳು ಸುಮಾರು 35 ಎಂದುಕೊಂಡರೆ ಒಬ್ಬ ನರ್ಸ್ ಕೆಲಸಕ್ಕೆ ಸಿಗುವುದು 278 ದಿನ; ದಿನಕ್ಕೆ 8 ಗಂಟೆಯಂತೆ 2,224 ಗಂಟೆ. ಭಾಗಿಸಿದರೆ 3.94 ಬರುತ್ತದೆ. ಅಂದರೆ ಹಗಲು ರಾತ್ರಿ ಒಬ್ಬರು ಇರಲೇಬೇಕಾದ ಜಾಗಕ್ಕೆ ನಾಲ್ವರು ಬೇಕು. ಭಾರತೀಯ ನರ್ಸಿಂಗ್ ಪರಿಷತ್ತು ರಜೆಗೆಂದು ಶೇ. 30 ಹೆಚ್ಚುವರಿ ಹುದ್ದೆ ಹೇಳುವುದೂ ಇದಕ್ಕಾಗಿಯೇ: ಮೂರಕ್ಕೆ ಶೇ. 30 ಸೇರಿಸಿದರೆ 3.9. ಹಾಸಿಗೆಗೊಬ್ಬ ನರ್ಸ್ ಬೇಕಾದ 10 ಹಾಸಿಗೆಗಳ ಐಸಿಯುಗೆ 30 ಜನರನ್ನು ಕೊಟ್ಟರೆ ಉಳಿದ 10 ಜನರ ಕೆಲಸ ಡಬಲ್ ಡ್ಯೂಟಿಯಾಗಿ, ರದ್ದಾದ ರಜೆಯಾಗಿ ಆ 30 ಜನರ ಮೈಮೇಲೆ ಬೀಳುತ್ತದೆ. 'ಸ್ಟಾಫ್ ಸಾಲದು' ಎಂದು ಗೋಗರೆಯುವ ಮೆಟ್ರನ್‌ಗಿಂತ ಈ ಭಾಗಾಕಾರವನ್ನು ಕಾಗದದಲ್ಲಿ ಮುಂದಿಡುವ ಮೆಟ್ರನ್‌ ಮಾತಿಗೆ ಆಡಳಿತ ಮಂಡಳಿಯಲ್ಲಿ ತೂಕ ಹೆಚ್ಚು.

ತಪ್ಪು ಕಲ್ಪನೆ: ಉಚಿತ ಹಾಸಿಗೆಯ ರೋಗಿಯ ಖರ್ಚಿಗೆ ಲೆಕ್ಕ ಬೇಕಿಲ್ಲ.

ಸತ್ಯ: ಪುಣೆಯ ಹಲವು ದೊಡ್ಡ ಆಸ್ಪತ್ರೆಗಳು ಧರ್ಮಾರ್ಥ ಟ್ರಸ್ಟ್‌ಗಳಿಗೆ ಸೇರಿದವು. ಬಾಂಬೆ ಹೈಕೋರ್ಟ್ ಒಪ್ಪಿದ, 2006ರಿಂದ ಜಾರಿಯಲ್ಲಿರುವ ಯೋಜನೆಯಂತೆ ಅಲ್ಲಿ ಶೇ. 10 ಹಾಸಿಗೆ ನಿರ್ಗತಿಕರಿಗೆ ಉಚಿತ, ಇನ್ನು ಶೇ. 10 ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲು. ಒಟ್ಟು ಬಿಲ್ಲಿನ ಶೇ. 2ರಷ್ಟು ಹಣ ನಿರ್ಗತಿಕ ರೋಗಿಗಳ ನಿಧಿಗೆ ಹೋಗುತ್ತದೆ. ಔಷಧ, ಸಾಮಗ್ರಿಗಳನ್ನು ಆಸ್ಪತ್ರೆ ಕೊಂಡ ಬೆಲೆಯಲ್ಲೇ ಲೆಕ್ಕ ಹಿಡಿಯಬೇಕು. ವಾರ್ಡಿನಲ್ಲಿ ಬಳಸಿದ್ದನ್ನು ಬರೆಯದೆ ಬಿಟ್ಟರೆ ನಿಧಿಯ ಲೆಕ್ಕ ತಪ್ಪುತ್ತದೆ. ಈ ನಿಯಮ ತಿಳಿದ ಸಿಸ್ಟರ್ ಬಡ ಮನೆಯವರಿಗೆ ರೇಷನ್ ಕಾರ್ಡನ್ನೋ ತಹಸೀಲ್ದಾರರ ಆದಾಯ ಪತ್ರವನ್ನೋ ಮೊದಲ ದಿನವೇ ತರಲು ಹೇಳುತ್ತಾರೆ.

ತಪ್ಪು ಕಲ್ಪನೆ: ಉಳಿತಾಯವೆಂದರೆ ಗ್ಲವ್ಸ್, ಹತ್ತಿ ಕಡಿಮೆ ಮಾಡುವುದು.

ಸತ್ಯ: ಗ್ಲವ್ಸ್ ಉಳಿಸಲು ಹೋಗಿ ಸೋಂಕು ತಗುಲಿದರೆ ಆ್ಯಂಟಿಬಯೋಟಿಕ್, ಹೆಚ್ಚುವರಿ ದಿನಗಳ ಹಾಸಿಗೆ, ರೋಗಿಯ ನೋವು ಎಲ್ಲವೂ ಸೇರಿ ಖರ್ಚು ಹಲವು ಪಟ್ಟು. ನಿಜವಾದ ಸೋರಿಕೆ ಇರುವುದು ಕಪಾಟಿನ ಹಿಂದಿನ ಸಾಲಿನಲ್ಲಿ, ಅವಧಿ ಮುಗಿಯುತ್ತಾ ಬಂದ ಇಂಜೆಕ್ಷನ್‌ಗಳಲ್ಲಿ. ಮೊದಲು ಅವಧಿ ಮುಗಿಯುವುದನ್ನು ಮುಂದಿಟ್ಟರೆ ಅದು ನಿಲ್ಲುತ್ತದೆ.

ತಪ್ಪು ಕಲ್ಪನೆ: ಇದನ್ನೆಲ್ಲ ಕಲಿಯಲು ಎಂಬಿಎ ಬೇಕು.

ಸತ್ಯ: ಬಜೆಟ್ ಮತ್ತು ಸಾಮಗ್ರಿ ನಿರ್ವಹಣೆ ಬಿ.ಎಸ್ಸಿ ನರ್ಸಿಂಗ್ ಪಠ್ಯದಲ್ಲೇ ಇವೆ. ಪರೀಕ್ಷೆಯ ನಂತರ ಅವನ್ನು ಬಳಸುವ ಅವಕಾಶ ಸಿಗುವುದಿಲ್ಲ, ಕೊರತೆ ಇರುವುದು ಅಲ್ಲಿ. ಕಳೆದ ಮೂರು ತಿಂಗಳ ಇಂಡೆಂಟ್‌ಗಳನ್ನು ಹರಡಿಕೊಂಡು, ಪ್ರತಿ ವಸ್ತುವಿನ ಪಕ್ಕ ಬೆಲೆ ಬರೆದು, ಒಟ್ಟು ಮೊತ್ತವನ್ನು ರೋಗಿಗಳು ವಾರ್ಡಿನಲ್ಲಿದ್ದ ಒಟ್ಟು ದಿನಗಳಿಂದ ಭಾಗಿಸಿದರೆ ಒಬ್ಬ ರೋಗಿಗೆ ದಿನಕ್ಕೆ ತಗಲುವ ಸಾಮಗ್ರಿ ಖರ್ಚು ಸಿಗುತ್ತದೆ. ಮುಂದಿನ ವರ್ಷದ ಬೇಡಿಕೆಪಟ್ಟಿಯ ಮೊದಲ ಸಾಲು ಅದೇ.