ಹಾವು ಕಚ್ಚಿದವರಿಗೆ ಡಾಕ್ಟ್ರು ತಕ್ಷಣ ಇಂಜೆಕ್ಷನ್ ಯಾಕೆ ಕೊಡಲ್ಲ?

"ಹಾವು ಕಚ್ಚಿದೆ ಅಂತ ಓಡೋಡಿ ಬಂದ್ರೂ ಡಾಕ್ಟ್ರು ಸುಮ್ನೆ ನೋಡ್ತಾ ಕೂತಿದ್ರು." ಮಳೆಗಾಲ ಬಂತೆಂದರೆ ತಾಲ್ಲೂಕು ಆಸ್ಪತ್ರೆಗಳ ಮುಂದೆ ಕೇಳಿಬರುವ ದೂರು ಇದು. ಕೆಲವು ಕಡೆ ಅದು ನಿಜವಾದ ನಿರ್ಲಕ್ಷ್ಯವೇ ಇರಬಹುದು. ಆದರೆ ಎಷ್ಟೋ ಸಲ ಹಾಗೆ ಕಾಯುವುದಕ್ಕೆ ಕಾರಣ ಇರುತ್ತದೆ.

ಕಚ್ಚಿದ ಹಾವೆಲ್ಲ ವಿಷದ್ದಲ್ಲ. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಅದನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರಿಗೆ ಅದು ಒಗ್ಗದೆ ಬಿಪಿ ಇಳಿದು, ಉಸಿರು ಕಟ್ಟಿ ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ವಿಷದ ಲಕ್ಷಣ ಕಂಡ ಮೇಲೆಯೇ ಕೊಡಬೇಕು ಅನ್ನೋದು ನಿಯಮ. ರೆಪ್ಪೆ ಜೋತುಬಿದ್ದಿದೆಯಾ, ಊತ ಏರುತ್ತಿದೆಯಾ ಎಂದು ನೋಡುತ್ತಾರೆ. ಗಾಜಿನ ಟ್ಯೂಬಿಗೆ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಹೊರಗೆ ನಿಂತವರಿಗೆ ಈ 20 ನಿಮಿಷವೇ "ಸುಮ್ನೆ ಕೂತಿದ್ದು".

ನಿಜವಾದ ಧರ್ಮಸಂಕಟ ಶುರುವಾಗುವುದು ಸ್ಟಾಕು ಕಮ್ಮಿ ಇದ್ದಾಗ. ಮೊದಲ ಡೋಸಿಗೇ 8ರಿಂದ 10 ವಯಲ್ ಬೇಕು. ಮಗುವಿಗೂ ಅಷ್ಟೇ, ಮಗು ಅಂತ ಹಾವು ವಿಷ ಕಮ್ಮಿ ಬಿಡಲ್ಲವಲ್ಲ. ಸ್ಟೋರಿನಲ್ಲಿ ಇರೋದೇ 10 ಅಂದುಕೊಳ್ಳಿ. ಮುಂದೆ ಲಕ್ಷಣವೇ ಇಲ್ಲದ ಒಬ್ಬ ರೋಗಿ, ಹಿಂದೆ ಕೂಗಾಡುವ ಜನ. ಗಲಾಟೆಗೆ ಹೆದರಿ ಕೊಟ್ಟರೆ, ಇನ್ನೊಂದು ಗಂಟೆಗೆ ಕಣ್ಣು ತೇಲಿಸಿಕೊಂಡು ಬರುವ ಹುಡುಗಿಗೆ ಏನೂ ಉಳಿಯಲ್ಲ. ಕೊಡದೆ ಕಾದರೂ ನಿಶ್ಚಿಂತೆಯಿಲ್ಲ. ಕಟ್ಟುಹಾವು ಕಚ್ಚಿದ್ದರೆ ನೋವಿರಲ್ಲ, ಗಾಯವೂ ಕಾಣದೇ ಇರಬಹುದು, ಗಂಟೆಗಳ ನಂತರ ಉಸಿರು ನಿಲ್ಲಬಹುದು. ಲಕ್ಷಣ ಇಲ್ಲದವರನ್ನೂ 24 ಗಂಟೆ ಮನೆಗೆ ಬಿಡದಿರುವುದು ಅದಕ್ಕೇ.

ಆಮೇಲೆ ರೆಫರ್ ಮಾಡುವ ಪ್ರಶ್ನೆ. ಜಿಲ್ಲಾಸ್ಪತ್ರೆಗೆ ಕಳಿಸಿದರೆ ದಾರಿಯಲ್ಲೇ ಜೀವ ಹೋಗಬಹುದು. ವೆಂಟಿಲೇಟರ್ ಇಲ್ಲದ ಕಡೆ ಇಟ್ಟುಕೊಂಡು ಏನಾದರೂ ಆದರೆ ನೈಟ್ ಡ್ಯೂಟಿಯ ಡಾಕ್ಟರು, ನರ್ಸ್ ಮೇಲೇ ಎಲ್ಲರ ಕಣ್ಣು. ಚೀಟಿ ಬರೆದು ಕಳಿಸಿಬಿಡುವುದು ಸಿಬ್ಬಂದಿಗೆ ಸುರಕ್ಷಿತ, ರೋಗಿಗೆ ಅಲ್ಲ. ವಿಷ ಏರಿದ್ದು ಖಚಿತವಾಗಿದ್ದು, ಪ್ರತಿವಿಷ ಕೈಯಲ್ಲಿದ್ದರೆ, ಮೊದಲ ಡೋಸ್ ಶುರು ಮಾಡಿಯೇ ಕಳಿಸಬೇಕು. "ಹಾಕಿದ್ದೀರಾ?" ಅಂತ ಕೇಳುವ ಹಕ್ಕು ಮನೆಯವರಿಗಿದೆ, ಕೇಳಿ.

ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದೆ. ಲೆಕ್ಕ ಸರಿಯಾಗಿ ಹೋದರೆ ಯಾವ ತಾಲ್ಲೂಕಿಗೆ ಎಷ್ಟು ವಯಲ್ ಬೇಕು ಅನ್ನೋದು ಮೊದಲೇ ಗೊತ್ತಾಗುತ್ತದೆ. ಆಗ ಇರೋ ಹತ್ತನ್ನು ಯಾರಿಗೆ ಕೊಡಲಿ ಅಂತ ಮಧ್ಯರಾತ್ರಿ ಯೋಚಿಸುವ ಪರಿಸ್ಥಿತಿ ಕಮ್ಮಿಯಾದೀತು.

ಅಂದಹಾಗೆ, 108ಕ್ಕೆ ಫೋನ್ ಮಾಡುವಾಗ ಕಚ್ಚಿದ ಹೊತ್ತು ನೆನಪಿಟ್ಟುಕೊಳ್ಳಿ. ಹಾವನ್ನು ಹೊಡೆದು ಚೀಲದಲ್ಲಿ ತರೋದು ಬೇಡ. ದೂರದಿಂದ ತೆಗೆದ ಫೋಟೊ ಇದ್ದರೆ ಡಾಕ್ಟರಿಗೆ ತೋರಿಸಿ, ಇಲ್ಲದಿದ್ದರೂ ಪರವಾಗಿಲ್ಲ.